ಜರ್ಮನಿಗೆ ಓದಲು ಹೊರಟವರ ವೀಸಾ ಕಡತ

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಶುರುವಾಗುವುದು ಅಕ್ಟೋಬರ್‌ನಲ್ಲಿ. ಅಲ್ಲಿ ಸ್ನಾತಕೋತ್ತರ ಪದವಿ ಓದಬೇಕೆಂದಿರುವವರು ವೀಸಾದ ಕೆಲಸವನ್ನು ಅದರ ಹಿಂದಿನ ವರ್ಷದ ಅಕ್ಟೋಬರ್‌ನಲ್ಲೇ ಕೈಗೆತ್ತಿಕೊಳ್ಳಬೇಕು. ಇಷ್ಟು ಬೇಗ ಯಾಕೆ, ಅಡ್ಮಿಷನ್ ಪತ್ರ ಬರಲಿ, ಆಮೇಲೆ ನೋಡೋಣ ಎಂದು ಕೂತ ಮನೆಗಳಲ್ಲಿ ಆಗಸ್ಟ್ ತಿಂಗಳು ಹೇಗೆ ಕಳೆಯುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಸೀಟು ಸಿಕ್ಕಿರುತ್ತದೆ, ಹಣದ ವ್ಯವಸ್ಥೆಯೂ ಹೆಚ್ಚುಕಡಿಮೆ ಆಗಿರುತ್ತದೆ. ಆದರೆ ದೆಹಲಿಯಿಂದ ಬರಬೇಕಾದ ಒಂದು ಪ್ರಮಾಣಪತ್ರ ಬಂದಿರುವುದಿಲ್ಲ, ಇಲ್ಲವೇ ಬ್ಯಾಂಕಿನವರು ಇನ್ನೊಂದು ಕಾಗದ ಕೇಳಿರುತ್ತಾರೆ. ವೀಸಾ ಅರ್ಜಿ ತುಂಬಲು ಒಂದು ದಿನ ಸಾಕು. ಅದಕ್ಕೆ ಲಗತ್ತಿಸಬೇಕಾದ ಕಾಗದಗಳು ಬೇರೆಬೇರೆ ಕಚೇರಿಗಳಿಂದ ಅವುಗಳದೇ ವೇಗದಲ್ಲಿ ಬರುತ್ತವೆ. ಒಂದು ಬಾರದೆ ಇನ್ನೊಂದು ಹೊರಡುವುದಿಲ್ಲ.

ಕರ್ನಾಟಕದ ಮಧ್ಯಮ ವರ್ಗದ ಕುಟುಂಬಗಳು ಜರ್ಮನಿಯತ್ತ ನೋಡಲು ಮುಖ್ಯ ಕಾರಣ ಖರ್ಚು. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಪ್ರತಿ ಸೆಮಿಸ್ಟರ್‌ಗೆ ಕೆಲವು ನೂರು ಯೂರೋ ವಂತಿಗೆ ಕಟ್ಟಿದರೆ ಸಾಕು. ಇದಕ್ಕೆ ಅಪವಾದಗಳೂ ಇವೆ. ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆ ನಗರಗಳಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ಪಡೆಯುತ್ತದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಶುಲ್ಕ ವಿಧಿಸುತ್ತಿದೆ. ಸ್ನಾತಕೋತ್ತರ ಕೋರ್ಸಿಗೆ ಅದು ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ. ‘ಜರ್ಮನಿಯಲ್ಲಿ ಓದು ಪುಕ್ಕಟೆ’ ಎಂದು ಯಾರಾದರೂ ಹೇಳಿದರೆ ಯಾವ ರಾಜ್ಯ, ಯಾವ ವಿಶ್ವವಿದ್ಯಾಲಯ ಎಂದು ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಮಾತು ಪಿಯುಸಿ ಮಕ್ಕಳಿಗೆ. ದ್ವಿತೀಯ ಪಿಯುಸಿ ಪಾಸಾದ ಮಾತ್ರಕ್ಕೆ ಅಲ್ಲಿನ ಪದವಿ ತರಗತಿಗೆ ನೇರ ಪ್ರವೇಶ ಸಿಗುವುದಿಲ್ಲ. ಇಲ್ಲಿ ಕನಿಷ್ಠ ಒಂದು ವರ್ಷದ ಪದವಿ ಓದು ಮುಗಿಸಿರುವುದು ಅಥವಾ ಜೆಇಇ ಅಡ್ವಾನ್ಸ್ಡ್ ಪಾಸಾಗಿರುವುದು ಹೀಗೆ ಬೇರೆ ದಾರಿಗಳಿವೆ. ಅವನ್ನು ವಿಶ್ವವಿದ್ಯಾಲಯದ ಜಾಲತಾಣದಲ್ಲೇ ಓದಿಕೊಳ್ಳಿ. ಈ ಲೇಖನದ ಗಮನ ಪದವಿ ಮುಗಿಸಿ ಮುಂದೆ ಓದಲು ಹೋಗುವವರ ಮೇಲೆ.

ಮೊದಲ ಕಾಗದ ಎಪಿಎಸ್

ದೆಹಲಿಯ ಜರ್ಮನ್ ರಾಯಭಾರ ಕಚೇರಿಗೆ ಸೇರಿದ ಶೈಕ್ಷಣಿಕ ಮೌಲ್ಯಮಾಪನ ಕೇಂದ್ರವನ್ನು ಎಲ್ಲರೂ ಎಪಿಎಸ್ ಎಂದೇ ಕರೆಯುತ್ತಾರೆ. ನಿಮ್ಮ ಅಂಕಪಟ್ಟಿ, ಪದವಿ ಪತ್ರಗಳು ಅಸಲಿಯೇ, ಅವುಗಳ ಆಧಾರದ ಮೇಲೆ ಜರ್ಮನಿಯಲ್ಲಿ ಓದಲು ನೀವು ಅರ್ಹರೇ ಎಂಬುದನ್ನು ಪರಿಶೀಲಿಸಿ ಅದು ಪ್ರಮಾಣಪತ್ರ ಕೊಡುತ್ತದೆ. 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳ ವೀಸಾ ಅರ್ಜಿಗೆ ಇದು ಕಡ್ಡಾಯ. ವಿನಾಯಿತಿ ಇರುವುದು ಸರ್ಕಾರಿ ನಿಧಿಯ ವಿದ್ಯಾರ್ಥಿವೇತನ ಪಡೆದವರಂಥ ಕೆಲವರಿಗೆ ಮಾತ್ರ. ಶುಲ್ಕ ₹18,000. ಒಮ್ಮೆ ಪಡೆದರೆ ಅದರ ಅವಧಿ ಮುಗಿಯುವುದಿಲ್ಲ. ಆದ್ದರಿಂದ ಬೇಗ ಮಾಡಿಸಿಕೊಂಡರೆ ನಷ್ಟವೇನೂ ಇಲ್ಲ. ಅನೇಕ ವಿಶ್ವವಿದ್ಯಾಲಯಗಳು ಪ್ರವೇಶದ ಅರ್ಜಿಯ ಜೊತೆಗೇ ಇದನ್ನು ಕೇಳುವುದರಿಂದ ಇದು ಮೊದಲ ಕೆಲಸವಾಗಲೇಬೇಕು.

ಇದಕ್ಕೆ ಸಮಯ ಹಿಡಿಯುವುದು ಎಲ್ಲಿ? ಹೆಚ್ಚಾಗಿ ನಮ್ಮ ಕಡೆಯಲ್ಲೇ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವಿದ್ಯಾರ್ಥಿಯೆಂದರೆ ಪ್ರತಿ ಸೆಮಿಸ್ಟರ್‌ನ ಅಂಕಪಟ್ಟಿ ಬೇಕು, ಪದವಿ ಮುಗಿದಿದ್ದರೆ ಪಿಡಿಸಿ ಎಂಬ ತಾತ್ಕಾಲಿಕ ಪದವಿ ಪತ್ರ ಅಥವಾ ಘಟಿಕೋತ್ಸವದ ಪದವಿ ಪತ್ರ ಬೇಕು. ಜೊತೆಗೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿಗಳು, ಪಾಸ್‌ಪೋರ್ಟ್ ಪ್ರತಿ. ಮೂರನೇ ಸೆಮಿಸ್ಟರ್‌ನ ಅಂಕಪಟ್ಟಿಯನ್ನು ಕಾಲೇಜಿನಿಂದ ತಂದಿರಲೇ ಇಲ್ಲ, ಮರುಮೌಲ್ಯಮಾಪನದ ನಂತರದ ಹೊಸ ಪಟ್ಟಿ ಬಂದೇ ಇಲ್ಲ ಎಂಬುದೆಲ್ಲ ಗೊತ್ತಾಗುವುದು ಕಾಗದಗಳನ್ನು ಸ್ಕ್ಯಾನ್ ಮಾಡಲು ಕೂತಾಗಲೇ. ಕಳೆದುಹೋದ ಪಟ್ಟಿಗೆ ನಕಲು ಪ್ರತಿ ಬೇಕೆಂದರೆ ಬೆಳಗಾವಿಯ ವಿಟಿಯು ಕಚೇರಿಗೆ ಅರ್ಜಿ ಹೋಗಬೇಕು. ಅದಕ್ಕೇ ಹೇಳುವುದು: ಅಂತಿಮ ವರ್ಷದಲ್ಲಿರುವಾಗಲೇ ಎಲ್ಲ ಪಟ್ಟಿಗಳನ್ನೂ ಒಂದೆಡೆ ಹರವಿ ನೋಡಿ. ಬ್ಯಾಕ್‌ಲಾಗ್ ಇದ್ದರೆ ಅದನ್ನು ಮುಚ್ಚಿಡುವ ಯೋಚನೆ ಬೇಡ. ಒಂದೆರಡು ವಿಷಯ ಎರಡನೇ ಸಲಕ್ಕೆ ಪಾಸಾದ ಕಾರಣಕ್ಕೇ ಯಾರೂ ಬಾಗಿಲು ಹಾಕುವುದಿಲ್ಲ. ತಿದ್ದಿದ ಅಂಕಪಟ್ಟಿ ಸಿಕ್ಕಿಬಿದ್ದರೆ ಮಾತ್ರ ಎಲ್ಲ ಬಾಗಿಲುಗಳೂ ಮುಚ್ಚುತ್ತವೆ.

ಹೆಸರಿನ ತೊಡಕು

ನಮ್ಮ ಕಡೆಯ ಮಕ್ಕಳ ಕಡತಗಳಲ್ಲಿ ಅತಿ ಹೆಚ್ಚು ಕಾಡುವುದು ಹೆಸರು. ಒಬ್ಬ ಹುಡುಗಿಯ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಸಹನಾ ಬಿ. ಆರ್.’ ಎಂದಿದೆ ಎಂದಿಟ್ಟುಕೊಳ್ಳಿ. ಬಿ ಅಂದರೆ ಊರು, ಆರ್ ಅಂದರೆ ತಂದೆ ರಾಮಪ್ಪ. ಆಧಾರ್‌ನಲ್ಲಿ ‘ಸಹನಾ ರಾಮಪ್ಪ’. ಪಿಯುಸಿ ಪಟ್ಟಿಯಲ್ಲಿ ಇನಿಶಿಯಲ್ ಹಿಂದುಮುಂದಾಗಿ ‘ಬಿ. ಆರ್. ಸಹನಾ’. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಇಡೀ ಹೆಸರು ಒಂದೇ ಸಾಲಿನಲ್ಲಿ. ನಮಗೆ ಇದರಲ್ಲಿ ಗೊಂದಲವೇ ಕಾಣುವುದಿಲ್ಲ. ಮನೆತನದ ಹೆಸರು ಎಲ್ಲರಿಗೂ ಇರಲೇಬೇಕೆಂದು ನಂಬಿದ ದೇಶದ ಗುಮಾಸ್ತನಿಗೆ ಇವು ನಾಲ್ಕು ಬೇರೆ ವ್ಯಕ್ತಿಗಳ ಹೆಸರಿನಂತೆ ಕಾಣಬಹುದು. ಇನ್ನು ಗೌಡ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೈಸೂರು ಕಡೆ ಡಬ್ಲ್ಯೂ, ಹುಬ್ಬಳ್ಳಿ ಕಡೆ ಯು. ತಂದೆಯ ದಾಖಲೆಯಲ್ಲಿ ಒಂದು, ಮಗನ ದಾಖಲೆಯಲ್ಲಿ ಇನ್ನೊಂದು ಇರುವುದು ಸಾಮಾನ್ಯ.

ಇದಕ್ಕೆ ನಾನು ಹೇಳುವ ಪರಿಹಾರ ಪಾಸ್‌ಪೋರ್ಟ್‌ನಿಂದ ಶುರುವಾಗುತ್ತದೆ. ಹೊಸದಾಗಿ ಮಾಡಿಸುವವರು ಅಥವಾ ನವೀಕರಿಸುವವರು ಇನಿಶಿಯಲ್ ಬಿಡಿಸಿ ಬರೆಸಿ, ಸರ್‌ನೇಮ್ ಜಾಗವನ್ನು ಖಾಲಿ ಬಿಡಬೇಡಿ. ಅಲ್ಲಿಂದ ಮುಂದೆ ಹುಟ್ಟುವ ಪ್ರತಿ ಕಾಗದವೂ, ಅಂದರೆ ಐಇಎಲ್‌ಟಿಎಸ್ ಫಲಿತಾಂಶ, ಎಪಿಎಸ್ ಅರ್ಜಿ, ಪ್ರವೇಶ ಪತ್ರ, ಅಲ್ಲಿನ ಬ್ಯಾಂಕ್ ಖಾತೆ, ವಿಮೆ, ಎಲ್ಲವೂ ಪಾಸ್‌ಪೋರ್ಟ್‌ನಲ್ಲಿರುವ ಕಾಗುಣಿತದಲ್ಲೇ ಇರಬೇಕು. ಹಳೆಯ ಅಂಕಪಟ್ಟಿಗಳನ್ನು ಈಗ ಬದಲಿಸಲು ಹೋಗಬೇಡಿ, ಅದು ಮುಗಿಯದ ಓಡಾಟ. ಈ ಎಲ್ಲ ಹೆಸರುಗಳೂ ಒಬ್ಬರದೇ ಎಂದು ಹೇಳುವ ಅಫಿಡವಿಟ್ಟನ್ನು ಛಾಪಾ ಕಾಗದದಲ್ಲಿ ಬರೆಸಿ, ನೋಟರಿ ಮಾಡಿಸಿ ಕಡತದಲ್ಲಿಡಿ. ಅದರಲ್ಲಿ ಯಾವ ದಾಖಲೆಯಲ್ಲಿ ಹೆಸರು ಹೇಗಿದೆ ಎಂಬುದನ್ನು ಅಕ್ಷರ ಬಿಡದೆ ನಮೂದಿಸಿರಬೇಕು.

ಹಣ ಯಾರದು, ಎಲ್ಲಿರಬೇಕು

ಮೊದಲ ವರ್ಷದ ಜೀವನಕ್ಕೆ ಹಣವಿದೆ ಎಂದು ತೋರಿಸದೆ ವೀಸಾ ಇಲ್ಲ. ಹೆಚ್ಚಿನವರು ಅದನ್ನು ಬ್ಲಾಕ್ಡ್ ಅಕೌಂಟ್ ಮೂಲಕ ತೋರಿಸುತ್ತಾರೆ. ಜರ್ಮನರು ಅದನ್ನು ಷ್ಪೆರ್‌ಕೊಂಟೊ ಎನ್ನುತ್ತಾರೆ. 2024ರ ಸೆಪ್ಟೆಂಬರ್‌ನಿಂದ ನಿಗದಿಯಾದ ಮೊತ್ತ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904 ಯೂರೋ. ಯೂರೋಗೆ ₹100 ಎಂದೇ ಲೆಕ್ಕ ಹಿಡಿದರೂ ₹11,90,400. ಈ ಮೊತ್ತವನ್ನು ಆಗಾಗ ಪರಿಷ್ಕರಿಸುತ್ತಾರೆ, ಹಾಗಾಗಿ ಹಣ ಕಳಿಸುವ ವಾರ ರಾಯಭಾರ ಕಚೇರಿಯ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿ.

ಇದು ಯಾರಿಗೋ ಕಟ್ಟುವ ಶುಲ್ಕವಲ್ಲ ಎಂಬುದನ್ನು ಮನೆಯ ಹಿರಿಯರಿಗೆ ಬಿಡಿಸಿ ಹೇಳಬೇಕು. ಹಣ ವಿದ್ಯಾರ್ಥಿಯ ಹೆಸರಿನಲ್ಲೇ ಇರುತ್ತದೆ. ಅಲ್ಲಿಗೆ ಹೋದ ಮೇಲೆ ತಿಂಗಳಿಗಿಷ್ಟು ಎಂದು ಅವರದೇ ಖಾತೆಗೆ ಬರುತ್ತದೆ, ಬಾಡಿಗೆ, ಊಟ, ವಿಮೆ ಎಲ್ಲ ಅದರಲ್ಲೇ. ವೀಸಾ ಸಿಗದಿದ್ದರೆ ನಿರಾಕರಣೆಯ ಪತ್ರ ಕೊಟ್ಟು ಖಾತೆ ಮುಚ್ಚಿಸಿ ಹಣ ವಾಪಸ್ ಪಡೆಯಬಹುದು. ಹೋಗುವುದು ಸೇವಾ ಶುಲ್ಕ ಮತ್ತು ವಿನಿಮಯದಲ್ಲಾಗುವ ನಷ್ಟ ಮಾತ್ರ. ಫಿಂಟಿಬಾ, ಎಕ್ಸ್‌ಪಾಟ್ರಿಯೊದಂಥ ಸಂಸ್ಥೆಗಳ ಮೂಲಕ ಈ ಖಾತೆಯನ್ನು ಮನೆಯಲ್ಲಿ ಕೂತೇ ತೆರೆಯಬಹುದು.

ಸ್ವಂತ ಉಳಿತಾಯವಿದ್ದವರಿಗೆ ಇದು ಸುಲಭ. ಸಾಲ ಮಾಡುವವರಿಗೆ ಇಲ್ಲೇ ಎಡವಟ್ಟಾಗುವುದು. ನಮ್ಮ ಅಕ್ಕನ ಮಗಳ ಸಾಲಕ್ಕಾಗಿ ಭಾವನ ಜೊತೆ ದಾವಣಗೆರೆಯ ಒಂದು ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರ್ ಒಳ್ಳೆಯ ಮನುಷ್ಯರೇ. ‘ಯಜಮಾನ್ರೇ, ಕಾಲೇಜಿನ ಫೀಸ್ ಎಷ್ಟು ಅಂತ ಒಂದು ಪತ್ರ ತನ್ನಿ, ಅಷ್ಟು ಸಾಲ ಮಾಡ್ಕೊಡ್ತೀವಿ’ ಎಂದರು. ಭಾವ, ‘ಅಲ್ಲಿ ಫೀಸೇ ಇಲ್ಲ ಸಾರ್’ ಎಂದರು. ‘ಹಂಗಾದ್ರೆ ಸಾಲ ಯಾತಕ್ಕೆ?’ ಎಂದು ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ನಮ್ಮ ಬ್ಯಾಂಕುಗಳ ಶಿಕ್ಷಣ ಸಾಲದ ಪದ್ಧತಿಯೇ ಕಾಲೇಜಿಗೆ ನೇರವಾಗಿ ಶುಲ್ಕ ಕಳಿಸುವುದು. ವಿದ್ಯಾರ್ಥಿಯ ಹೆಸರಿನ ವಿದೇಶಿ ಖಾತೆಗೆ ವರ್ಷದ ಖರ್ಚನ್ನು ಒಂದೇ ಸಲ ಹಾಕುವುದು ಅನೇಕ ಶಾಖೆಗಳಿಗೆ ಹೊಸತು.

ಹಾಗಾಗಿ ಮೊದಲ ಭೇಟಿಗೇ ಮೂರು ಕಾಗದ ಹಿಡಿದು ಹೋಗಿ. ಬ್ಲಾಕ್ಡ್ ಅಕೌಂಟ್ ಬೇಕೆಂದು ಹೇಳುವ ಜರ್ಮನ್ ದೂತಾವಾಸದ ಪುಟ, ಜೀವನ ವೆಚ್ಚವನ್ನು ತೋರಿಸುವ ವಿಶ್ವವಿದ್ಯಾಲಯದ ಪುಟ, ಖಾತೆ ಸಂಖ್ಯೆ ಮತ್ತು ಮೊತ್ತವಿರುವ ಸಂಸ್ಥೆಯ ಪತ್ರ. ಸಾಲದ ಮಂಜೂರಾತಿ ಪತ್ರದಲ್ಲೇ ‘ಜೀವನ ವೆಚ್ಚಕ್ಕಾಗಿ ಬ್ಲಾಕ್ಡ್ ಅಕೌಂಟ್‌ಗೆ ಪಾವತಿ’ ಎಂಬ ಸಾಲು ಇರಲಿ ಎಂದು ಕೇಳಿ. ಬಾಯಿಮಾತಿನ ಒಪ್ಪಿಗೆ ಮ್ಯಾನೇಜರ್ ವರ್ಗವಾದ ದಿನ ಮುಗಿಯುತ್ತದೆ. ಮಂಜೂರಾತಿ ಪತ್ರವನ್ನೇ ವೀಸಾ ಅರ್ಜಿಗೆ ಲಗತ್ತಿಸಿದರೆ ಸಾಕು ಎಂದು ಕೆಲವರು ತಿಳಿದಿದ್ದಾರೆ. ಅದನ್ನು ನೆಚ್ಚಬೇಡಿ, ಹಣ ಖಾತೆಗೆ ಹೋಗಿ ಅಲ್ಲಿಂದ ದೃಢೀಕರಣ ಪತ್ರ ಬರಬೇಕು.

ಅಡಮಾನದ ವಿಷಯ. ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ₹7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಮನೆ, ಸೈಟು, ಠೇವಣಿ ಕೇಳುತ್ತವೆ. ಹತ್ತು ಎಕರೆ ತೋಟವಿದ್ದರೂ ಕೃಷಿ ಭೂಮಿಯನ್ನು ಇದಕ್ಕೆ ಅಡಮಾನವಾಗಿ ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ. ಸಾಲ ಕಟ್ಟದಿದ್ದಾಗ ಆಸ್ತಿ ವಶಕ್ಕೆ ಪಡೆಯುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸದಿರುವುದೇ ಕಾರಣ. ಹಳ್ಳಿಯ ಮನೆಯಾದರೆ ಇ-ಸ್ವತ್ತು, ಪಟ್ಟಣದ್ದಾದರೆ ಇ-ಖಾತೆ ಕೇಳುತ್ತಾರೆ. ಅಜ್ಜನ ಹೆಸರಿನಲ್ಲೇ ಉಳಿದ ಖಾತೆಯನ್ನು ಬದಲಿಸಿಕೊಳ್ಳಲು ತಿಂಗಳುಗಳು ಬೇಕು. ವೀಸಾಕ್ಕೂ ಅಜ್ಜನ ಮನೆಯ ಖಾತೆಗೂ ಏನು ಸಂಬಂಧ ಎಂದು ಅನ್ನಿಸಬಹುದು. ದಾವಣಗೆರೆಯಲ್ಲಿ ನಮ್ಮ ಕೆಲಸ ಎರಡು ತಿಂಗಳು ನಿಂತಿದ್ದು ಅದೇ ಕಾರಣಕ್ಕೆ.

ಪಿಎಂ ವಿದ್ಯಾಲಕ್ಷ್ಮಿ ಎಂಬ ಕೇಂದ್ರದ ಯೋಜನೆ ದೇಶದೊಳಗಿನ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ; ವಿದೇಶಕ್ಕೆ ಹೋಗುವವರು ಅದನ್ನು ನಂಬಿ ಕೂರಬಾರದು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್, ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಗಳ ಅಧಿಸೂಚನೆ ಯಾವಾಗ ಬರುತ್ತದೆಂದು ಕಣ್ಣಿಟ್ಟಿರಬೇಕು. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಇಲಾಖೆ, ನಿಗಮಗಳ ಜಿಲ್ಲಾ ಕಚೇರಿಗೆ ಒಮ್ಮೆ ಹೋಗಿ ವಿಚಾರಿಸುವುದು ಖಂಡಿತ ವ್ಯರ್ಥವಲ್ಲ.

ಹಣ ಕಳಿಸುವ ದಿನ ಒಂದು ಸಣ್ಣ ಎಚ್ಚರಿಕೆ. ಬ್ಯಾಂಕಿನಲ್ಲಿ ವಿದೇಶಕ್ಕೆ ಹಣ ಕಳಿಸುವ ಎ2 ಫಾರಂ ತುಂಬುವಾಗ ಕಳಿಸುವವರ ಪ್ಯಾನ್, ಉದ್ದೇಶ, ಖಾತೆ ಸಂಸ್ಥೆ ಕೊಟ್ಟ ಉಲ್ಲೇಖ ಸಂಖ್ಯೆ ಸರಿಯಾಗಿರಬೇಕು. ದಾರಿಯಲ್ಲಿ ಬರುವ ಮಧ್ಯವರ್ತಿ ಬ್ಯಾಂಕುಗಳ ಶುಲ್ಕವನ್ನೂ ಕಳಿಸುವವರೇ ಭರಿಸುವ ಆಯ್ಕೆಯನ್ನು ಗುರುತು ಹಾಕಿಸಿ. ಹಾಗೆ ಮಾಡದಿದ್ದರೆ ಆ ಶುಲ್ಕ ಮೊತ್ತದಲ್ಲೇ ಕಡಿತವಾಗಿ, ಹದಿನೈದೋ ಇಪ್ಪತ್ತೋ ಯೂರೋ ಕೊರತೆಯಿಂದ ದೃಢೀಕರಣ ಪತ್ರ ನಿಂತುಬಿಡುತ್ತದೆ. ಅದಕ್ಕಾಗಿ ಮತ್ತೆ ಎ2 ಫಾರಂ, ಮತ್ತೆ ಕಾಯುವಿಕೆ.

ಅರ್ಜಿ ಮತ್ತು ಪತ್ರ

ಇಷ್ಟಾದ ಮೇಲೆ ವೀಸಾ ಅರ್ಜಿ. ಓದಲು ಹೋಗುವವರಿಗೆ ಬೇಕಾದದ್ದು ಡಿ ವರ್ಗದ ರಾಷ್ಟ್ರೀಯ ವೀಸಾ. ಪ್ರವಾಸಕ್ಕೆ ಕೊಡುವ ಷೆಂಗೆನ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳುವ ಮಾತನ್ನು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕರ್ನಾಟಕ, ಕೇರಳದವರ ಅರ್ಜಿಗಳು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಜನರಲ್ ವ್ಯಾಪ್ತಿಗೆ ಬರುತ್ತವೆ. ಜರ್ಮನಿಯ ವಿದೇಶಾಂಗ ಇಲಾಖೆ 2025ರ ಜನವರಿಯಿಂದ ಎಲ್ಲ ದೂತಾವಾಸಗಳಿಗೂ ಆನ್‌ಲೈನ್ ಕಾನ್ಸುಲರ್ ಪೋರ್ಟಲ್ ತೆರೆದಿದೆ. ಅದರಲ್ಲಿ ಅರ್ಜಿ ತುಂಬಿ ದಾಖಲೆ ಏರಿಸಿ, ಆಮೇಲೆ ಬೆರಳಚ್ಚು ಮತ್ತು ಮೂಲ ದಾಖಲೆಗಳಿಗಾಗಿ ಖುದ್ದಾಗಿ ಹೋಗಬೇಕು. ವೀಸಾ ಶುಲ್ಕ 75 ಯೂರೋ, ರೂಪಾಯಿಯಲ್ಲೇ ಕಟ್ಟುವುದು. ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಕೇಂದ್ರದವರಿಗೆ ಸೇವಾ ಶುಲ್ಕ ಬೇರೆ. ಅಲ್ಲಿನ ಸಿಬ್ಬಂದಿ ಕಾಗದ ಸ್ವೀಕರಿಸುವವರು, ವೀಸಾ ನಿರ್ಧರಿಸುವವರಲ್ಲ. ‘ಇದು ಬೇಡ, ತೆಗೆದುಬಿಡಿ’ ಎಂದು ಯಾರಾದರೂ ಹೇಳಿದರೂ ದೂತಾವಾಸದ ಪಟ್ಟಿಯಲ್ಲಿರುವ ಕಾಗದವನ್ನು ಕಡತದಲ್ಲೇ ಇಡುವಂತೆ ವಿನಯದಿಂದ ಕೇಳಿ.

ಪಟ್ಟಿಯಲ್ಲಿ ಭಾವಚಿತ್ರದ ಅಳತೆ 35ಕ್ಕೆ 45 ಮಿ.ಮೀ., ಅಲ್ಲಿ ನೋಂದಣಿಯಾಗುವವರೆಗಿನ ಆರೋಗ್ಯ ವಿಮೆ, ಭಾಷಾ ಪರೀಕ್ಷೆಯ ಫಲಿತಾಂಶ ಹೀಗೆ ಎಲ್ಲವೂ ಸ್ಪಷ್ಟವಾಗಿವೆ. ಪಟ್ಟಿ ಹೇಳದಿರುವುದು ಒಂದೇ: ಉದ್ದೇಶ ಪತ್ರವನ್ನು ಹೇಗೆ ಬರೆಯಬೇಕೆಂಬುದು. ಇದನ್ನು ಏಜೆಂಟರಿಗೆ ಬರೆಯಲು ಬಿಡುವುದು ನನ್ನ ದೃಷ್ಟಿಯಲ್ಲಿ ಈ ಇಡೀ ಕೆಲಸದ ಅತಿ ದೊಡ್ಡ ತಪ್ಪು. ಒಂದೇ ಅಂಗಡಿಯಿಂದ ಹೊರಟ ಪತ್ರಗಳಲ್ಲಿ ಜರ್ಮನಿಯ ತಂತ್ರಜ್ಞಾನದ ಹೊಗಳಿಕೆ ಒಂದೇ ಥರ ಇರುತ್ತದೆ, ಓದುವ ಅಧಿಕಾರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಆ ಅಧಿಕಾರಿಗೆ ತಿಳಿಯಬೇಕಿರುವುದು ನಿಮ್ಮ ವಿಷಯ. ಇಲ್ಲಿ ಓದಿದ್ದಕ್ಕೂ ಅಲ್ಲಿ ಓದಲಿರುವುದಕ್ಕೂ ಕೊಂಡಿ ಯಾವುದು? ಆರನೇ ಸೆಮಿಸ್ಟರ್‌ನ ಯಾವ ವಿಷಯ, ಯಾವ ಪ್ರಾಜೆಕ್ಟ್ ನಿಮ್ಮನ್ನು ಈ ಕೋರ್ಸಿನತ್ತ ತಂದಿತು? ಅಲ್ಲಿನ ಪಠ್ಯದಲ್ಲಿ ನೀವು ಆರಿಸಿಕೊಳ್ಳಲಿರುವ ವಿಷಯಗಳಾವುವು? ಪದವಿಯ ನಂತರ ಎರಡು ವರ್ಷ ಖಾಲಿ ಇದ್ದರೆ ಆಗ ಏನು ಮಾಡುತ್ತಿದ್ದಿರಿ? ಅಪ್ಪನ ಅಂಗಡಿ ನೋಡಿಕೊಂಡಿದ್ದರೆ ಹಾಗೆಂದೇ ಬರೆಯಿರಿ. ಸರಳ ಇಂಗ್ಲಿಷಿನ ಎರಡು ಪುಟ ಸಾಕು. ಸಂದರ್ಶನಕ್ಕೆ ಕರೆದರೂ ಕೇಳುವುದು ಇವೇ ಪ್ರಶ್ನೆಗಳು, ತಾವೇ ಬರೆದವರು ತಡವರಿಸುವುದಿಲ್ಲ.

ಏಜೆಂಟರ ಬಗ್ಗೆ ಇನ್ನೂ ಒಂದು ಮಾತು ಹೇಳಲೇಬೇಕು. ಉಚಿತ ಸಲಹೆ ಎಂದು ಬೋರ್ಡ್ ಹಾಕಿದವರಿಗೆ ಆದಾಯ ಬರುವುದು ಬಹುಪಾಲು ಖಾಸಗಿ ವಿದ್ಯಾಸಂಸ್ಥೆಗಳ ಕಮಿಷನ್‌ನಿಂದ. ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅರ್ಹರಾದ ಮಕ್ಕಳನ್ನೂ ವರ್ಷಕ್ಕೆ ಹತ್ತು ಲಕ್ಷದ ಖಾಸಗಿ ಕೋರ್ಸಿಗೆ ತಿರುಗಿಸುವುದು ಇದೇ ಕಾರಣಕ್ಕೆ. ಖಾಸಗಿ ಎಂದ ಮಾತ್ರಕ್ಕೆ ಕೆಟ್ಟದ್ದೆಂದಲ್ಲ, ಆದರೆ ಅದಕ್ಕೆ ಅಲ್ಲಿನ ರಾಜ್ಯದ ಮಾನ್ಯತೆ ಇದೆಯೇ, ತರಗತಿ ನಿಜವಾಗಿ ಆ ಊರಿನಲ್ಲೇ ನಡೆಯುತ್ತದೆಯೇ ಎಂದು ನೋಡಬೇಕು. ಪಾಠ ಬಹುಪಾಲು ಆನ್‌ಲೈನ್ ಇದೆ, ಇದಕ್ಕಾಗಿ ಜರ್ಮನಿಯಲ್ಲಿರಬೇಕಿಲ್ಲ ಎಂದು 2025ರಲ್ಲಿ ಬರ್ಲಿನ್‌ನ ವಿದೇಶಿಯರ ಕಚೇರಿ ಒಂದು ಖಾಸಗಿ ವಿಶ್ವವಿದ್ಯಾಲಯದ ಭಾರತೀಯ ವಿದ್ಯಾರ್ಥಿಗಳಿಗೆ ದೇಶ ಬಿಡುವಂತೆ ನೋಟಿಸ್ ಕೊಟ್ಟಿತ್ತು. ಲಕ್ಷಗಟ್ಟಲೆ ಕಟ್ಟಿ ಹೋದವರಿಗೆ ಅದು ಎಂಥ ಆಘಾತ! ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿಯ ಕೋರ್ಸ್ ಪಟ್ಟಿ, ವಿದ್ಯಾಸಂಸ್ಥೆಗಳ ಮಾನ್ಯತೆ ತೋರಿಸುವ ಅನಾಬಿನ್ ದತ್ತಾಂಶ ಕೋಶ ಎರಡೂ ಉಚಿತ, ಯಾರು ಬೇಕಾದರೂ ನೋಡಬಹುದು. ಯಾರ ಸಹಾಯ ಪಡೆದರೂ ಇಮೇಲ್, ಪಾಸ್‌ವರ್ಡ್, ಪೋರ್ಟಲ್‌ನ ಲಾಗಿನ್ ವಿದ್ಯಾರ್ಥಿಯ ಕೈಯಲ್ಲೇ ಇರಲಿ. ಕಡತದ ಪ್ರತಿ ಹಾಳೆಯಲ್ಲಿ ಏನಿದೆ ಎಂದು ವಿದ್ಯಾರ್ಥಿಗೇ ಗೊತ್ತಿರಬೇಕು.

ತೀರ್ಮಾನಕ್ಕೆ ಕೆಲವು ವಾರಗಳಿಂದ ಮೂರು ತಿಂಗಳವರೆಗೂ ಹಿಡಿಯುತ್ತದೆ. ಅದಕ್ಕೆ ಮುಂಚೆ ಹಣ ವಾಪಸ್ ಬಾರದ ಟಿಕೆಟ್ ತೆಗೆಯಬೇಡಿ. ತಡವಾಗುವಂತಿದ್ದರೆ ವಿಶ್ವವಿದ್ಯಾಲಯಕ್ಕೆ ಮೊದಲೇ ಬರೆದು ತಡವಾಗಿ ಸೇರಲು ಅವಕಾಶವಿದೆಯೇ ಎಂದು ಲಿಖಿತವಾಗಿ ಕೇಳಿ. ವೀಸಾ ನಿರಾಕರಣೆಯಾದರೆ ಹಿಂದೆ ದೂತಾವಾಸಕ್ಕೇ ಉಚಿತವಾಗಿ ಮರುಪರಿಶೀಲನೆಯ ಮನವಿ ಸಲ್ಲಿಸಬಹುದಿತ್ತು. 2025ರ ಜುಲೈ 1ರಿಂದ ಆ ವ್ಯವಸ್ಥೆ ಇಲ್ಲ. ಈಗ ಉಳಿದಿರುವುದು ಹೊಸ ಅರ್ಜಿ ಅಥವಾ ಬರ್ಲಿನ್‌ನ ಆಡಳಿತ ನ್ಯಾಯಾಲಯದಲ್ಲಿ ಮೊಕದ್ದಮೆ. ನಿರಾಕರಣೆಯ ಪತ್ರದಲ್ಲಿ ಕಾರಣ ಕೊಟ್ಟಿರುತ್ತಾರೆ. ಅದನ್ನು ಸರಿಪಡಿಸದೆ ಅದೇ ಕಡತವನ್ನು ಮತ್ತೆ ಕೊಡುವುದರಿಂದ ಹಣ ಮಾತ್ರ ಖರ್ಚು. ಎಲ್ಲವನ್ನೂ ಮೊದಲ ಸಲವೇ ಸರಿಯಾಗಿ ಕೊಡಿ ಎಂದು ಇಷ್ಟೊಂದು ಒತ್ತಿ ಹೇಳುತ್ತಿರುವುದು ಇದಕ್ಕಾಗಿಯೇ.

ವೀಸಾ ಬಂದರೂ ಅದರ ಅವಧಿ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ಅಲ್ಲಿ ಇಳಿದು ಮನೆ ಸಿಕ್ಕ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ, ನಂತರ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಆ ಪರವಾನಗಿ ನವೀಕರಿಸುವಾಗ ಎರಡನೇ ವರ್ಷದ ಹಣವನ್ನೂ ತೋರಿಸಬೇಕಾಗುತ್ತದೆ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅವಕಾಶವಿದೆ. ಆದರೆ ಊರು ಹೊಸದು, ಭಾಷೆ ಬಾರದು. ಮೊದಲ ಸೆಮಿಸ್ಟರ್‌ನ ಖರ್ಚು ದುಡಿಮೆಯಿಂದಲೇ ಹೊರಡುತ್ತದೆಂದು ಲೆಕ್ಕ ಹಾಕಬೇಡಿ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಜರ್ಮನ್ ಭಾಷೆಯ ಎ1, ಎ2 ಹಂತಗಳನ್ನು ಮುಗಿಸಿಕೊಂಡು ಹೋದವರಿಗೆ ಅಂಗಡಿಯಲ್ಲೂ ಕಚೇರಿಯಲ್ಲೂ ಎಷ್ಟೋ ಹಗುರವಾಗುತ್ತದೆ. ಓದು ಮುಗಿದ ಮೇಲೆ ತಕ್ಕ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ.

ವಸತಿಗೆ ವಿದ್ಯಾರ್ಥಿ ನಿಲಯಗಳ ಸರದಿಯಲ್ಲಿ ಪ್ರವೇಶ ಪತ್ರ ಬಂದ ದಿನವೇ ಹೆಸರು ಬರೆಸಿ. ಮ್ಯೂನಿಕ್, ಬರ್ಲಿನ್‌ನಂಥ ಊರುಗಳಲ್ಲಿ ವೀಸಾ ಬರುವವರೆಗೆ ಕಾದರೆ ಕೋಣೆ ಸಿಗುವುದು ಕಷ್ಟ. ಬ್ಲಾಕ್ಡ್ ಅಕೌಂಟ್‌ನ ಮೊದಲ ಕಂತು ಕೈಗೆ ಬರಲು ಅಲ್ಲಿ ಸಾಮಾನ್ಯ ಖಾತೆ ತೆರೆದಿರಬೇಕು, ಅದಕ್ಕೆ ಹಲವೆಡೆ ವಿಳಾಸ ನೋಂದಣಿಯ ಪತ್ರ ಕೇಳುತ್ತಾರೆ. ಈ ನಡುವಿನ ದಿನಗಳ ಬಾಡಿಗೆ ಮುಂಗಡ, ಊಟ, ಓಡಾಟಕ್ಕೆ ಫಾರೆಕ್ಸ್ ಕಾರ್ಡಿನಲ್ಲಿ ಒಂದೂವರೆಯಿಂದ ಎರಡು ಸಾವಿರ ಯೂರೋ, ಕೈಯಲ್ಲಿ ಸ್ವಲ್ಪ ನಗದು ಇರಲಿ. ಮೂಲ ದಾಖಲೆಗಳನ್ನು ಚೆಕ್ ಇನ್ ಲಗೇಜಿನಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ಒಂದು ಜೊತೆ ನಕಲು ಪ್ರತಿ ಮನೆಯಲ್ಲಿರಲಿ.